ಗೇರೆಣ್ಣೆ ಹಚ್ಚಿದ ಕಾರು

ಮಗಳು ಸೆಕೆಂಡ್ ಹ್ಯಾಂಡ್ ಕರೆಂಟ್ ಕಾರೊಂದನ್ನು ತೆಗೆದುಕೊಳ್ಳುತ್ತೇನೆ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅಷ್ಟು ಚೆನ್ನಾಗಿದ್ದರೆ ಅವರು ಯಾಕೆ ಮಾರುತ್ತಾರೆ ಎಂಬುದು. ಎರಡನೆಯ ಪ್ರಶ್ನೆಯೂ ಅದೇ. ಮೂರನೆಯ ಸಲ ಕೇಳುವ ಹೊತ್ತಿಗೆ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. "ಮೊಸರಲ್ಲಿ ಕಲ್ಲು ಹುಡುಕದಿದ್ರೆ ನಿಮಗೆ ಉಂಡದ್ದು ಕರಗೂದಿಲ್ಲ" ಎಂದಳು ಹೆಂಡತಿ. ಸುಳ್ಳಲ್ಲ. ಆದರೆ ಮೊಸರಿನಲ್ಲಿ ಕಲ್ಲು ಸಿಕ್ಕಿದ್ದೂ ಉಂಟು, ಅದನ್ನು ಅವಳು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು ಹೊನ್ನಾವರದಲ್ಲಿ ದಸ್ತಾವೇಜು ಬರೆಯುವವನು. ತಾಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಮೇಜು, ಎರಡು ಕುರ್ಚಿ, ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಮೂವತ್ತು ವರ್ಷದಿಂದ ಕ್ರಯಪತ್ರ, ಪಾಲುಪಟ್ಟಿ, ಬಾಡಿಗೆ ಕರಾರು, ಮೃತ್ಯುಪತ್ರ. ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬಂದು ಸಹಿ ಮಾಡಿದ್ದನ್ನೂ ನೋಡಿದ್ದೇನೆ, ಅದೇ ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನೂ ನೋಡಿದ್ದೇನೆ. ಇಷ್ಟೆಲ್ಲ ನೋಡಿದ ಮೇಲೆ ಮನುಷ್ಯರನ್ನು ನಂಬು ಎಂದರೆ ಹೇಗೆ ನಂಬುವುದು? ನನ್ನ ಅನುಮಾನಕ್ಕೆ ಜಾತಿಮತವಿಲ್ಲ, ನೆಂಟರಿಷ್ಟರ ಭೇದವೂ ಇಲ್ಲ. ಸ್ವಂತ ಭಾವ ತಂದುಕೊಟ್ಟ ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿಯೇ ಒಳಗಿಡುತ್ತೇನೆ.

ಮಗಳು ಫಿಸಿಯೋಥೆರಪಿ ಓದಿದವಳು. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದುಕೊಂಡವರು, ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದವರು, ಇವರ ಮನೆಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಬೆಳಿಗ್ಗೆ ಕುಮಟಾದಲ್ಲಿ ಇಬ್ಬರು, ಮಧ್ಯಾಹ್ನ ಮಂಕಿಯಲ್ಲಿ ಒಬ್ಬರು ಅಜ್ಜಿ, ಸಂಜೆ ಭಟ್ಕಳದಲ್ಲಿ ಇಬ್ಬರು. ಬಸ್ಸು, ಬಸ್ಸಿಲ್ಲದಿದ್ದರೆ ಟೆಂಪೋ, ಇಳಿದ ಮೇಲೆ ರಿಕ್ಷಾ. ಮನೆಗೆ ಬರುವಷ್ಟರಲ್ಲಿ ಅವಳ ಸೊಂಟಕ್ಕೇ ಯಾರಾದರೂ ವ್ಯಾಯಾಮ ಮಾಡಿಸಬೇಕು. ಅವಳಿಗೆ ರೋಗಿಗಳನ್ನು ಕಳಿಸುತ್ತಿದ್ದ ಕುಮಟಾದ ಡಾಕ್ಟರು ಒಂದು ದಿನ ನೇರವಾಗಿಯೇ ಹೇಳಿದ್ದರು. ಲಕ್ವದವರಿಗೆ ಮೊದಲ ತಿಂಗಳುಗಳೇ ಮುಖ್ಯ, ಬಸ್ಸು ತಪ್ಪಿತು ಎಂದು ದಿನ ತಪ್ಪಿಸಿದರೆ ಎತ್ತಬೇಕಾದ ಕೈ ಏಳುವುದಿಲ್ಲ, ನಿನಗೆ ಸಾಧ್ಯವಾಗದಿದ್ದರೆ ಬೇರೆಯವರಿಗೆ ಹೇಳುತ್ತೇನೆ ಎಂದು. ಅವತ್ತು ರಾತ್ರಿಯೇ ಅವಳು ಕಾರಿನ ಮಾತು ತೆಗೆದದ್ದು. ಆರು ವರ್ಷ ಕೂಡಿಟ್ಟದ್ದೆಲ್ಲ ಅದಕ್ಕೆ ಹೋಗುತ್ತಿತ್ತು. ಅಂಥ ಕಾರಿನ ಬ್ಯಾಟರಿ ಕೆಟ್ಟರೆ ಹೊಸದಕ್ಕೆ ಹೆಚ್ಚುಕಡಿಮೆ ಇನ್ನೊಂದು ಕಾರಿನ ದುಡ್ಡು ಬೇಕು. ಅಷ್ಟು ತಾಕತ್ತು ಅವಳಿಗೂ ಇಲ್ಲ, ನನಗೂ ಇಲ್ಲ. ಬ್ಯಾಟರಿ ಹೋದರೆ ಕಾರು ಹೋಯಿತು, ಕಾರು ಹೋದರೆ ಕೆಲಸ ಹೋಯಿತು. ಇದು ಮನೆಯ ಮೂವರಿಗೂ ಗೊತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು, ಹೇಳಲು ಮನಸ್ಸಿಲ್ಲ. ಮೂರು ವರ್ಷದ ಹಿಂದೆ ಕುಮಟಾ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ನಾನು ಸುಮ್ಮನಿರದೆ ಹುಡುಗನ ಕಚೇರಿಯಲ್ಲಿ ವಿಚಾರಿಸಿದೆ, ಅವನು ಬಾಡಿಗೆಗಿದ್ದ ಮನೆಯ ಮಾಲೀಕರನ್ನು ವಿಚಾರಿಸಿದೆ, ಕಡೆಗೆ ಅವನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯಲ್ಲಿ ನಾನೂ ಕೂದಲು ಕತ್ತರಿಸಿಕೊಂಡು ವಿಚಾರಿಸಿದೆ. ಒಂದು ಐಬೂ ಸಿಗಲಿಲ್ಲ. ಆದರೆ ಸುದ್ದಿ ಅವರ ಕಿವಿಗೆ ಬಿತ್ತು. ನಮ್ಮನ್ನು ನಂಬದ ಮನೆಯ ಹುಡುಗಿ ನಮಗೆ ಬೇಡ ಎಂದು ಹೇಳಿ ಕಳಿಸಿದರು. ಮಗಳು ಆ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಕ್ಕೇ ಇರಬೇಕು, ಕಾರು ನೋಡಲು ಭಟ್ಕಳಕ್ಕೆ ಹೊರಡುವ ದಿನ ಅವಳು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದಳು. "ಬಾ ಅಪ್ಪ, ಬೇಕಾದಷ್ಟು ಕೇಳು, ನೋಡು. ಆದ್ರೆ ನಂಗೆ ಗೊತ್ತಿಲ್ದೆ ಎಂತದೂ ಮಾಡೂದು ಬೇಡ."

"ಆತು" ಎಂದೆ.

ಮಾರುವವರು ಒಬ್ಬ ಹಿರಿಯ ಸಾಹೇಬರು. ಮೊದಲು ಬಟ್ಟೆ ಅಂಗಡಿ ನಡೆಸುತ್ತಿದ್ದವರು, ಈಗ ಅಂಗಡಿಯನ್ನು ಅಳಿಯನಿಗೆ ಬಿಟ್ಟು ಮನೆಯಲ್ಲಿದ್ದರು. ಕಣ್ಣಿನ ಡಾಕ್ಟರು ಇನ್ನು ಗಾಡಿ ಬಿಡಬಾರದು ಎಂದಿದ್ದಾರಂತೆ, ಅದಕ್ಕೇ ಮಾರುವುದು ಎಂದರು. ಒಳಗಿನಿಂದ ಚಹಾ ಬಂತು, ಬಿಸ್ಕೀಟು ಬಂತು. ಸಾಹೇಬರು ಮನೆಯವರ ಜೊತೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿ ನಕ್ಕರು. ನನಗೆ ಅರ್ಥವಾಗಲಿಲ್ಲ, ನನ್ನ ಬಗ್ಗೆಯೇ ಎಂದುಕೊಂಡೆ. ಆಮೇಲೆ ಒಳಗಿನಿಂದ ಸಕ್ಕರೆ ಡಬ್ಬಿ ಬಂದಾಗ ಅವರು ಹೇಳಿದ್ದು ಚಹಾಕ್ಕೆ ಸಕ್ಕರೆ ಹಾಕಲು ಮರೆತದ್ದರ ಬಗ್ಗೆ ಎಂದು ತಿಳಿಯಿತು.

ಕಾರಿನ ಸೀಟ್ ಬೆಲ್ಟುಗಳನ್ನು ಕೊನೆಯ ತನಕ ಎಳೆದು ಕೆಸರಿನ ಗುರುತು ಇದೆಯೇ ನೋಡಿದೆ. ನೆರೆನೀರಿನಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಕೊನೆಯಲ್ಲಿ ಕೆಸರು ಉಳಿಯುತ್ತದೆ ಎಂದು ಯಾರೋ ಹೇಳಿದ್ದರು. ಕೆಸರಿರಲಿಲ್ಲ. ಕಾಲಡಿಯ ಮ್ಯಾಟು ಎತ್ತಿ ಮೂಸಿದೆ. ಅತ್ತರಿನ ವಾಸನೆ ಬಂತು. ವಾಸನೆ ಮುಚ್ಚಲಿಕ್ಕೇ ಅತ್ತರು ಹಾಕಿದ್ದಾರೆ ಎಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ಸಾಹೇಬರ ಕಡೆ ಕಣ್ಣು ತೋರಿಸಿದಳು. ಅವರ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು. ಮೂತ್ರಕ್ಕೆ ಹೋಗುವ ನೆಪದಲ್ಲಿ ಹೊರಗೆ ಬಂದು ಕೇರಿಯ ತುದಿಯಲ್ಲಿ ಎಳನೀರು ಮಾರುವವನನ್ನು ಕೇಳಿದೆ, ಮಳೆಗಾಲದಲ್ಲಿ ಇಲ್ಲಿ ನೀರು ಹತ್ತುತ್ತದೆಯೇ, ಆ ಕಾರು ಒದ್ದೆಯಾಗಿತ್ತೇ ಎಂದು. ಅವನು ಕತ್ತಿ ಕೆಳಗಿಟ್ಟು ನನ್ನನ್ನೊಮ್ಮೆ ನೋಡಿದ. "ಅವರು ಆ ಕಾರಿಗೆ ಕೊಡೆ ಹಿಡಿಯೂದೊಂದು ಬಾಕಿ" ಎಂದ. ಇವನಿಗೂ ಮೊದಲೇ ಹೇಳಿಕೊಟ್ಟಿರಬಹುದು ಎಂದುಕೊಂಡು ನಾನು ಎಳನೀರು ಕುಡಿದು ವಾಪಸು ಬಂದೆ.

ಎಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ಸಾಹೇಬರ ಧಾರಾಳ. ಕೀಲಿಕೈ ತೆಗೆದು ಮಗಳ ಕೈಯಲ್ಲಿಟ್ಟು, ಎರಡು ದಿನ ಮನೆಯಲ್ಲಿಟ್ಟುಕೊಂಡು ಓಡಿಸಿ ನೋಡಿ, ಬೇಡವಾದರೆ ತಂದುಬಿಡಿ ಎಂದರು. ಗುರುತು ಪರಿಚಯ ಇಲ್ಲದವರಿಗೆ ಯಾರು ಹೀಗೆ ಕಾರು ಕೊಡುತ್ತಾರೆ? ನಾನು ಸೈಕಲ್ಲನ್ನೂ ಕೊಡುವುದಿಲ್ಲ. ಮುರುಡೇಶ್ವರ, ಮಂಕಿ ದಾಟಿ ಶರಾವತಿ ಸೇತುವೆ ಬರುವ ತನಕ ನಾನು ಒಂದು ನೋಟ್‌ಬುಕ್ ಹಿಡಿದು ಕುಳಿತು, ಪ್ರತಿ ಊರಿಗೂ ಬ್ಯಾಟರಿ ಶೇಕಡಾ ಎಷ್ಟು ಇಳಿಯಿತು ಎಂದು ಬರೆದುಕೊಂಡೆ. ಮರುದಿನ ಏರು ಹತ್ತಿಸಿ ನೋಡಬೇಕು ಎಂದು ಹಟ ಹಿಡಿದು ಯಾಣದ ದಾರಿಗೆ ಕರೆದುಕೊಂಡು ಹೋದೆ. ಕಾರು ಸದ್ದಿಲ್ಲದೆ ಹತ್ತಿತು, ಸದ್ದಿಲ್ಲದೆ ಇಳಿಯಿತು. ಇಳಿಯುವಾಗ ಬ್ಯಾಟರಿ ಶೇಕಡಾ ಎರಡು ಹೆಚ್ಚಾಯಿತು. ಇದೆಂಥಾ ಮೋಸ, ಓಡಿಸಿದರೆ ಹೆಚ್ಚಾಗುವುದು ಹೇಗೆ, ಮೀಟರನ್ನೇ ತಿದ್ದಿದ್ದಾರೆ ಎಂದು ನಾನು ಕೂಗಾಡಿದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಕಾರು ತಾನೇ ಚಾರ್ಜು ಮಾಡಿಕೊಳ್ಳುತ್ತದೆ ಎಂದು ಮಗಳು ವಿವರಿಸಿದಳು. ನಕ್ಕಳು ಕೂಡ. ಅವಳು ನನ್ನ ಎದುರು ಹಾಗೆ ನಕ್ಕು ಬಹಳ ದಿನವಾಗಿತ್ತು.

ಖರೀದಿಯ ಕರಾರು ನಾನೇ ಬರೆದೆ. ನಾಲ್ಕು ಪುಟ. ಕಾರಿಗೆ ಅಪಘಾತವಾಗಿಲ್ಲ, ನೀರಿನಲ್ಲಿ ಮುಳುಗಿಲ್ಲ, ಬ್ಯಾಟರಿ ಬಿಚ್ಚಿಲ್ಲ, ಮುಂದೆ ಯಾವ ದೋಷ ಕಂಡುಬಂದರೂ ಬರೆದುಕೊಟ್ಟವರೇ ಹೊಣೆ ಎಂದು, ಒಬ್ಬ ಮನುಷ್ಯನ ಕೈಕಾಲು ಎಷ್ಟು ಕಟ್ಟಬಹುದೋ ಅಷ್ಟು ಕಟ್ಟಿದ್ದೆ. ಸಾಹೇಬರು ಪುಟ ತಿರುಗಿಸಲೂ ಇಲ್ಲ. ಓದಿ ಸಹಿ ಮಾಡಿ ಎಂದರೆ, ರೈಟರ್ರು ಬರೆದ ಮೇಲೆ ಓದುವುದೇನಿದೆ ಎಂದು ಕೊನೆಯ ಪುಟದಲ್ಲಿ ಸಹಿ ಎಳೆದು ಪೆನ್ನು ವಾಪಸು ಕೊಟ್ಟರು. ಓದದೆ ಸಹಿ ಮಾಡುವವರು ಎರಡೇ ಜಾತಿ, ಒಂದು ದಡ್ಡರು, ಇನ್ನೊಂದು ಪಕ್ಕಾ ಖದೀಮರು. ಇವರು ದಡ್ಡರಲ್ಲ ಎನ್ನುವುದು ಖಾತ್ರಿಯಿತ್ತು.

ಕಾರೇನೋ ಬಂತು. ಬ್ಯಾಟರಿಗೆ ಕಂಪನಿ ಕೊಟ್ಟಿದ್ದ ವಾರಂಟಿ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ. ಮುಗಿಯುವುದರೊಳಗೆ ಕಾರನ್ನು ತಪಾಸಣೆ ಮಾಡಿಸಿದರೆ ಇನ್ನೂ ನಾಲ್ಕು ವರ್ಷಕ್ಕೆ ಮುಂದುವರಿಸಬಹುದು, ಕಾರು ಇವಳ ಹೆಸರಿಗೆ ಆದ ಕೂಡಲೇ ತನ್ನಿ ಎಂದು ಕುಮಟಾದ ಸರ್ವಿಸ್ ಸೆಂಟರಿನವರು ಹೇಳಿದ್ದರು. ಅಲ್ಲಿಯ ಕೌಂಟರಿನಲ್ಲಿ ಒಬ್ಬಳು ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ಮೂರು ಬಗೆಯ ವಾರಂಟಿಯ ಕಾಗದ ಹರಡಿದಳು. ಮೊದಲನೆಯದರಲ್ಲಿ ಬ್ಯಾಟರಿ ಮಾತ್ರ. ಎರಡನೆಯದರಲ್ಲಿ ಬ್ಯಾಟರಿ, ಮೋಟರು ಮತ್ತು ಚಾರ್ಜಿಂಗಿನ ಭಾಗಗಳು. ಮೂರನೆಯದರಲ್ಲಿ ಅದೆಲ್ಲದರ ಮೇಲೆ ಏಸಿ, ಕಿಟಕಿ, ದಾರಿಯಲ್ಲಿ ನಿಂತರೆ ಎಳೆದು ತರುವುದು. ಮಗಳು ಎರಡನೆಯದು ಸಾಕು ಎಂದು ಒಂದು ನಿಮಿಷದಲ್ಲಿ ತೀರ್ಮಾನಿಸಿದಳು. ಕಾರು ಬಿಸಿಯಾದರೆ ಕಿಟಕಿ ಇಳಿಸಿಕೊಳ್ಳುತ್ತೇನೆ, ಆದರೆ ರೋಗಿಯ ಮನೆ ತಲುಪಬೇಕು, ಅಷ್ಟೇ ಎಂದಳು.

ನಾನು ಪೆನ್ಸಿಲ್ ತೆಗೆದೆ. ಇಂಥ ಪುಸ್ತಿಕೆಗಳಲ್ಲಿ ಏನು ಕೊಡುತ್ತೇವೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಯಾವುದನ್ನು ಕೊಡುವುದಿಲ್ಲ ಎಂಬುದು ಇರುವೆ ಸಾಲಿನಷ್ಟು ಸಣ್ಣಗೆ ಇರುತ್ತದೆ. ಅಲ್ಲಿಂದಲೇ ಓದಬೇಕು. ಏಳನೆಯ ಕಲಮಿನಲ್ಲಿ ನನ್ನ ಪೆನ್ಸಿಲ್ ನಿಂತಿತು. ಉಪ್ಪುಗಾಳಿ, ಉಪ್ಪುನೀರು, ತೇವದಿಂದ ಹಿಡಿದ ತುಕ್ಕಿಗೆ ಕಂಪನಿ ಹೊಣೆಯಲ್ಲ. ನನಗೆ ಮೈಯೆಲ್ಲ ಉರಿಯಿತು. ಕಡಲ ದಂಡೆಯ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಉಪ್ಪುಗಾಳಿಗೆ ಹೊಣೆಯಲ್ಲ ಎಂದರೆ ಮತ್ತೆ ಯಾವುದಕ್ಕೆ ಹೊಣೆ? ನಾಳೆ ಬ್ಯಾಟರಿ ಕೆಟ್ಟರೆ ಅಡಿಯಲ್ಲಿ ಒಂದು ಚೂರು ತುಕ್ಕು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ, ಬರೆದಿಟ್ಟುಕೊಳ್ಳಿ ಎಂದು ಸರ್ವಿಸ್ ಸೆಂಟರಿನಲ್ಲೇ ಗಲಾಟೆ ಎಬ್ಬಿಸಿದೆ. ಆ ಹುಡುಗಿ ತಾಳ್ಮೆಯಿಂದ ಕೇಳಿದಳು. ಬ್ಯಾಟರಿಯ ಪೆಟ್ಟಿಗೆಗೆ ತುಕ್ಕು ಹಿಡಿಯುವುದಿಲ್ಲ, ಅದು ಕಬ್ಬಿಣವಲ್ಲ, ಅದರ ಮೇಲೆ ನೀವು ಎಂತದೂ ಬಳಿಯಬೇಡಿ, ಸುತ್ತಲಿನ ಕಬ್ಬಿಣಕ್ಕೆ ಬೇಕಿದ್ದರೆ ನಮ್ಮಲ್ಲಿಯೇ ಒಂದು ಲೇಪ ಇದೆ, ಬ್ಯಾಟರಿ ಬಿಟ್ಟು ಹಚ್ಚಿಕೊಡುತ್ತೇವೆ ಎಂದಳು.

ನಮ್ಮಲ್ಲಿಯೇ ಇದೆ ಎಂದಳಲ್ಲ, ಅಲ್ಲಿಗೆ ನನಗೆ ಎಲ್ಲ ಗೊತ್ತಾಗಿಹೋಯಿತು. ತುಕ್ಕಿನ ಹೆದರಿಕೆ ಹುಟ್ಟಿಸುವುದೂ ಇವರೇ, ಮದ್ದು ಮಾರುವುದೂ ಇವರೇ. ದಾರಿಯುದ್ದಕ್ಕೂ ಮಗಳಿಗೆ ಇದನ್ನೇ ಹೇಳಿದೆ.

ನನ್ನ ಅಪ್ಪ ಶರಾವತಿಯಲ್ಲಿ ತಾರಿ ನಡೆಸುತ್ತಿದ್ದವರು. ಸೇತುವೆ ಇಲ್ಲದ ಕಡೆ ಜನರನ್ನು ದೋಣಿಯಲ್ಲಿ ದಾಟಿಸುವ ಕೆಲಸ. ಮಳೆಗಾಲ ಶುರುವಾಗುವ ಮೊದಲು ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿ ಗೇರೆಣ್ಣೆ ಹಚ್ಚುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು, ಮೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಆದರೆ ಅದು ಹಚ್ಚಿದ ಮರಕ್ಕೆ ಉಪ್ಪುನೀರೂ ಏನೂ ಮಾಡುವುದಿಲ್ಲ, ಹುಳವೂ ಮುಟ್ಟುವುದಿಲ್ಲ. ಅಪ್ಪನ ದೋಣಿ ಅಪ್ಪನಿಗಿಂತ ಹೆಚ್ಚು ವರ್ಷ ಬಾಳಿತು. ನಾನೂ ಅದೇ ರೂಢಿಯವನು. ಮಾಡಿನ ಜಂತಿಗೆ ಹಚ್ಚುತ್ತೇನೆ, ಗೇಟಿಗೆ ಹಚ್ಚುತ್ತೇನೆ, ನನ್ನ ಸ್ಕೂಟರಿನ ಅಡಿಗೆ ಹದಿನೆಂಟು ಮಳೆಗಾಲ ಹಚ್ಚಿದ್ದೇನೆ. ಇಂದಿಗೂ ಅದರಲ್ಲಿ ತುಕ್ಕಿಲ್ಲ. ನಮ್ಮ ಬಂದರಿನ ಕಡೆ ಯಾರನ್ನು ಬೇಕಾದರೂ ಕೇಳಿ, ಮೇ ತಿಂಗಳಲ್ಲಿ ಗೇರೆಣ್ಣೆ ವಾಸನೆ ಬಾರದ ಮನೆಯಿಲ್ಲ.

ಹೆಸರು ಬದಲಾವಣೆಯ ಕಾಗದ ಆರ್‌ಟಿಓ ಕಚೇರಿಯಿಂದ ಬಂತು, ತಪಾಸಣೆ ಮುಂದಿನ ಬುಧವಾರ ಎಂದು ಗೊತ್ತಾಯಿತು. ಅದರ ಹಿಂದಿನ ಭಾನುವಾರ ತಾಯಿ ಮಗಳು ಒಂದು ಮದುವೆಗೆ ಹೋದರು. ಸೀರೆ ಉಟ್ಟುಕೊಂಡು ಕಾರು ಬಿಡಲು ತನಗಾಗುವುದಿಲ್ಲ ಎಂದು ಮಗಳು ಕಾರನ್ನು ಅಂಗಳದಲ್ಲೇ ಬಿಟ್ಟು ಪಕ್ಕದ ಮನೆಯವರ ಗಾಡಿಯಲ್ಲಿ ಹೋಗಿದ್ದಳು. ನಾನು ಕುಮಟಾದ ಗೇರುಬೀಜ ಕಾರ್ಖಾನೆಯಿಂದ ತರಿಸಿಟ್ಟಿದ್ದ ಡಬ್ಬಿ ಹೊರಗೆ ತೆಗೆದೆ. ಅವಳಿಗೆ ಕೊಟ್ಟ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಇದು ಅವಳ ಒಳ್ಳೆಯದಕ್ಕೇ ಅಲ್ಲವೇ, ನಾಳೆ ಅವಳೇ ಹೊಗಳುತ್ತಾಳೆ ಎಂದುಕೊಂಡೆ. ಗೋಣಿ ಹಾಸಿ, ಅರ್ಧ ಮೈಯನ್ನು ಕಾರಿನ ಅಡಿಗೆ ತೂರಿಸಿ, ಕೋಲಿಗೆ ಬ್ರಶ್ ಕಟ್ಟಿಕೊಂಡು ಹಚ್ಚಿದೆ. ಅಡಿಯಲ್ಲಿ ಮುಕ್ಕಾಲು ಭಾಗ ಒಂದೇ ಚಪ್ಪಟೆ ಪೆಟ್ಟಿಗೆ. ಅದಕ್ಕೂ ಹಚ್ಚಿದೆ. ಅದಕ್ಕೇ ಚೆನ್ನಾಗಿ ಹಚ್ಚಿದೆ, ಎರಡು ಕೈ.

ಸಂಜೆ ಅವಳು ಗೇಟಿನ ಹತ್ತಿರ ಇಳಿದಾಗಲೇ ವಾಸನೆ ಹಿಡಿದಳು. ಸೀರೆ ಎತ್ತಿ ಕಟ್ಟಿ, ಮೊಣಕಾಲೂರಿ, ಮೊಬೈಲಿನ ಬೆಳಕು ಬಿಟ್ಟು ಅಡಿಗೆ ನೋಡಿದಳು. ಬಹಳ ಹೊತ್ತು ಏಳಲಿಲ್ಲ. ನಾನು ಏಳನೆಯ ಕಲಮು, ಉಪ್ಪುಗಾಳಿ, ಅಪ್ಪನ ದೋಣಿ ಎಂದು ಒಂದೇ ಸಮನೆ ಮಾತಾಡುತ್ತಿದ್ದೆ. ಹೆಂಡತಿ, ಸ್ವಲ್ಪ ಬಾಯಿ ಮುಚ್ಚಿ ಎಂದಳು. ತಾಯಿ ಮಗಳು ಇಬ್ಬರೂ ಒರೆಸಲು ನೋಡಿದರು, ಅದು ಒರೆಸಿದರೆ ಹೋಗುವಂಥದ್ದಲ್ಲ. ಮಗಳು ಎದ್ದು ಕೈ ಕೊಡವಿಕೊಂಡು ಹೇಳಿದ್ದು ಇಷ್ಟೇ: "ಬುಧವಾರ ಅವರು ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳ್ವ. ಮುಚ್ಚಿಡೂದು ಬೇಡ."

"ಆತು" ಎಂದೆ. ಎರಡನೆಯ ಸಲ.

ತಪಾಸಣೆಗೆ ಬಂದವನು ಹುಬ್ಬಳ್ಳಿ ಕಡೆಯ ಮಾತಿನ, ತಣ್ಣಗಿನ ಮನುಷ್ಯ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಅಡಿಗೆ ಹೋದ. ಟಾರ್ಚು ಹಾಕಿದ. ಬೆರಳಿನಿಂದ ಮುಟ್ಟಿ ಮೂಸಿದ. ಬ್ಯಾಟರಿಯ ನಂಬರು ಬರೆದ ಚೀಟಿ ಎಲ್ಲಿದೆ ಎಂದು ಹುಡುಕಿದ, ಅದು ನನ್ನ ಎಣ್ಣೆಯ ಅಡಿಯಲ್ಲಿತ್ತು. ಕಂಪನಿಯ ಸೀಲುಗಳೂ ಅಲ್ಲೇ. ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಕೇಳಿದ.

"ಇದನ್ನ ಯಾರು ಹಚ್ಯಾರ್ರಿ?"

ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಬೆರಳುಗಳಲ್ಲಿ ಬೊಕ್ಕೆಗಳು ಒಡೆದು ಕಪ್ಪಾಗಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ. ಅವನು ಹೆಚ್ಚು ಒತ್ತಾಯಿಸಲಿಲ್ಲ. ತಪಾಸಣೆಗೆ ತರುವ ಮೊದಲು ಯಾರಾದರೂ ಅಡಿಗೆ ಕಪ್ಪು ಬಳಿದರೆ ನಾವು ಒಂದೇ ಅರ್ಥ ಮಾಡುತ್ತೇವೆ, ಪೆಟ್ಟಿಗೆ ಒಡೆದಿದೆ ಅಥವಾ ತಗ್ಗಾಗಿದೆ, ಅದನ್ನು ಮುಚ್ಚಿದ್ದಾರೆ ಎಂದು ವಿವರಿಸಿದ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಪರಿಚಯ, ಮೂವತ್ತು ವರ್ಷ ನನ್ನ ಮೇಜಿನ ಎದುರು ಕೂತವರನ್ನೆಲ್ಲ ನಾನು ಹಾಗೇ ನೋಡಿದ್ದೆ. ಎದುರಿನವರಿಗೆ ಅದು ಹೇಗೆ ಚುಚ್ಚುತ್ತದೆ ಎಂದು ಗೊತ್ತಾದದ್ದು ಅವತ್ತು. ಮುಚ್ಚಲು ಅಲ್ಲ ಸ್ವಾಮೀ, ಕಾಪಾಡಲು ಎಂದು ಕಿರುಚಬೇಕು ಅನ್ನಿಸಿತು.

ಆಮೇಲೆ ಅವನು ದಾರಿಯೊಂದನ್ನು ತೋರಿಸಿದ. ಒಳ್ಳೆಯದಕ್ಕೇ ತೋರಿಸಿದ, ಅವನ ತಪ್ಪಿಲ್ಲ. ಇದು ನೀವು ಕೊಳ್ಳುವ ಮೊದಲೇ ಇದ್ದದ್ದಾದರೆ ಹಳೆಯ ಮಾಲೀಕರ ಹೆಸರಿನಲ್ಲಿ ಹಾಗೆಂದು ಬರೆಯುತ್ತೇನೆ, ಅವರ ಖರ್ಚಿನಲ್ಲಿ ಪೆಟ್ಟಿಗೆ ಬಿಚ್ಚಿ ತೊಳೆದು ಪರೀಕ್ಷೆ ಮಾಡಿಸಿದರೆ ವಾರಂಟಿ ಮುಂದುವರಿಯುತ್ತದೆ. ನೀವೇ ಹಚ್ಚಿದ್ದಾದರೆ, ಹಚ್ಚಬೇಡಿ ಎಂದು ಇಲ್ಲಿ ಹೇಳಿದ ಮೇಲೂ ಹಚ್ಚಿದ್ದೀರಿ, ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲ, ಉಳಿದದ್ದಕ್ಕೆ ಮಾತ್ರ ಎಂದ.

ಮಗಳು ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ನಾನು ಅವಳನ್ನು ನೋಡಲಿಲ್ಲ. ನನ್ನ ಚೀಲದಲ್ಲಿ ನಾಲ್ಕು ಪುಟದ ಕರಾರು ಇತ್ತು, ಯಾವ ದೋಷ ಕಂಡರೂ ಬರೆದುಕೊಟ್ಟವರೇ ಹೊಣೆ ಎಂದು ಅದರಲ್ಲಿ ಸಹಿಯೂ ಇತ್ತು. "ಮೊದಲೇ ಇತ್ತು" ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಎಂದರೆ ಹೇಳಿದ ಮೇಲೆ ನನಗೇ ಅದು ನಿಜ ಅನ್ನಿಸಿತು. ಅಷ್ಟಕ್ಕೂ ಆ ಸಾಹೇಬರು ಉಳ್ಳವರು, ಪೆಟ್ಟಿಗೆ ತೊಳೆಸುವ ಖರ್ಚು ಅವರಿಗೆ ಒಂದು ಭಾರವೇ ಎಂದು ಮನಸ್ಸು ಲೆಕ್ಕ ಹಾಕಿತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವನು ಸಾಹೇಬರ ನಂಬರು ಕೇಳಿ, ಫೋನನ್ನು ಸ್ಪೀಕರಿಗೆ ಹಾಕಿ, ಕಾರಿನ ಬಾನೆಟ್ ಬದಿಯ ಮೇಜಿನ ಮೇಲಿಟ್ಟ. ರಿಂಗಾಗತೊಡಗಿತು. ಎಷ್ಟು ಹೊತ್ತು ರಿಂಗಾಯಿತು! ವಯಸ್ಸಾದವರು, ಫೋನು ಎಲ್ಲೋ ಇಟ್ಟಿರುತ್ತಾರೆ, ಹುಡುಕಿಕೊಂಡು ಬರಬೇಕು. ಎತ್ತಬೇಡಿ, ಎತ್ತಬೇಡಿ ಎಂದು ಬೇಡಿಕೊಂಡೆ. ಎತ್ತಿದರು. ತಪಾಸಣೆಯವನು ವಿಷಯ ಹೇಳಿದ. ಕಾರಿನ ಅಡಿಗೆ ಕಪ್ಪೆಣ್ಣೆ ಹಚ್ಚಿದೆ, ಇದು ನಿಮ್ಮ ಕಾಲದಲ್ಲೇ ಇದ್ದದ್ದು ಎಂದು ಕೊಂಡವರು ಹೇಳುತ್ತಿದ್ದಾರೆ, ಹೌದೇ ಎಂದು ಕೇಳಿದ.

ಈಗ ಸಾಹೇಬರು ಬೈಯುತ್ತಾರೆ, ಸುಳ್ಳ ಎನ್ನುತ್ತಾರೆ ಎಂದುಕೊಂಡೆ. ಅದಕ್ಕೆ ಏನು ಉತ್ತರ ಕೊಡಬೇಕು ಎಂದು ಸಿದ್ಧ ಮಾಡಿಕೊಳ್ಳುತ್ತಲೂ ಇದ್ದೆ.

"ನಾನು ಹಚ್ಚಿಸಿದ ನೆನಪಿಲ್ಲ" ಎಂದರು ಸಾಹೇಬರು. "ಆದ್ರೆ ರೈಟರ್ರು ಇತ್ತು ಅಂದ್ರೆ ಇತ್ತು. ಅವರು ಅಷ್ಟು ನೋಡಿ ಮಾಡಿ ತಗೊಂಡವರು, ಸುಳ್ಳು ಹೇಳೂ ಜನ ಅಲ್ಲ. ತೊಳೀಲಿಕ್ಕೆ ಎಷ್ಟಾಗ್ತದೆ ಹೇಳಿ, ಕೊಡ್ತೇನೆ. ಬೇಟಿಯ ಕೆಲಸ ನಿಲ್ಲೂದು ಬೇಡ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪಾಸಣೆಯವನು ಪೆನ್ನು ತೆಗೆದು ಬರೆಯಲು ಬಗ್ಗಿದ. ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ಅವನು ಮೊದಲ ಅಕ್ಷರ ಬರೆಯುವಷ್ಟರಲ್ಲಿ ಮಗಳು ಮೇಜಿನ ಹತ್ತಿರ ಬಂದಳು.

"ಎಣ್ಣೆ ಹಚ್ಚಿದ್ದು ನಮ್ಮಪ್ಪ" ಎಂದಳು. "ಭಾನುವಾರ ಹಚ್ಚಿದ್ದು. ಸಾಹೇಬರಿಗೆ ಇದ್ರಲ್ಲಿ ಸಂಬಂಧ ಇಲ್ಲ. ಹಾಂಗೇ ಬರ್ಕೊಳ್ಳಿ."

ಫೋನಿನಲ್ಲಿ ಸಾಹೇಬರು ಇನ್ನೂ ಇದ್ದರು. ಹೋಗಲಿ ಬಿಡು ಬೇಟಿ, ನಮ್ಮ ವಯಸ್ಸಿನವರಿಗೆ ನೆನಪು ಹಿಂದೆ ಮುಂದೆ ಆಗ್ತದೆ ಎಂದು ನನಗೊಂದು ಮರೆ ಹಿಡಿದರು. ಆಮೇಲೆ ಕಾರು ಹೇಗೆ ಓಡುತ್ತಿದೆ ಎಂದು ವಿಚಾರಿಸಿದರು. ಮಗಳು, ತುಂಬ ಚೆನ್ನಾಗಿ ಓಡುತ್ತಿದೆ ಎಂದು ಹೇಳಿ ಫೋನು ಇಟ್ಟಳು.

ಬ್ಯಾಟರಿ ಎಂಬ ಸಾಲನ್ನು ತಪಾಸಣೆಯವನು ಉದ್ದಕ್ಕೆ ಹೊಡೆದುಹಾಕಿದ. ಮೋಟರಿಗೆ, ಚಾರ್ಜಿಂಗಿನ ಭಾಗಗಳಿಗೆ ನಾಲ್ಕು ವರ್ಷದ ವಾರಂಟಿ ಬಂತು. ಯಾವುದಕ್ಕಾಗಿ ಅಷ್ಟು ದಿನ ಓಡಾಡಿದ್ದೆವೋ ಅದು ಬರಲಿಲ್ಲ. ಕೌಂಟರಿನ ಹುಡುಗಿ ಕಾಗದ ಕೊಡುವಾಗ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಮಗಳು ಸಹಿ ಮಾಡುವ ಮೊದಲು ಇಡೀ ಕಾಗದ ಓದಿದಳು, ನಾನು ಕಲಿಸಿದ ಹಾಗೆ ಸಣ್ಣ ಅಕ್ಷರದಿಂದ.

ಕುಮಟಾದಿಂದ ಹೊನ್ನಾವರಕ್ಕೆ ಬರುವ ದಾರಿಯಲ್ಲಿ ಧಾರೇಶ್ವರದವರೆಗೆ ನಾನು ವಾರಂಟಿಯ ಕಾಗದವನ್ನು ಮಡಚುತ್ತ ಬಿಡಿಸುತ್ತ ಕುಳಿತಿದ್ದೆ. ಆಮೇಲೆ ನಾನೇ ಮಾತು ಶುರು ಮಾಡಿದೆ. ಕಂಪನಿಗೆ ಅರ್ಜಿ ಬರೆಯುತ್ತೇನೆ, ಗ್ರಾಹಕರ ಕೋರ್ಟಿಗೆ ಹೋಗಬಹುದು, ಗೇರೆಣ್ಣೆಯಿಂದ ಬ್ಯಾಟರಿಗೆ ಹಾನಿಯಿಲ್ಲ ಎಂದು ಯಾರಿಂದಲಾದರೂ ಬರೆಸಿ ತರುತ್ತೇನೆ, ನನ್ನ ಸ್ಕೂಟರು ಮಾರುತ್ತೇನೆ, ಬ್ಯಾಟರಿ ಹೋದರೆ ನಾನೇ ಹಾಕಿಸಿಕೊಡುತ್ತೇನೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹಳದೀಪುರ ಹೋಯಿತು, ಕರ್ಕಿ ಹೋಯಿತು. ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು. ಮನೆಯ ಗೇಟಿನ ಎದುರು ಕಾರು ನಿಲ್ಲಿಸಿದಳು, ಆದರೆ ಬಂದ್ ಮಾಡಲಿಲ್ಲ. ಮಂಕಿಯ ಅಜ್ಜಿ ಕಾಯುತ್ತಿದ್ದರು, ಆಗಲೇ ಹೊತ್ತಾಗಿತ್ತು.

ಇಳಿದು ಬಾಗಿಲು ಹಿಡಿದುಕೊಂಡು ನಿಂತೆ. ಬ್ಯಾಟರಿಯ ವಾರಂಟಿ ಹೋಯಿತು ಎಂದು ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ.

"ಬ್ಯಾಟರಿಗೆ ಸಿಟ್ಟಿಲ್ಲ ಅಪ್ಪ" ಎಂದಳು. "ಸಾಹೇಬರ ಫೋನು ಅಷ್ಟೊತ್ತು ರಿಂಗಾಯ್ತಲ್ಲ, ಆಗೆಲ್ಲ ಕಾದೆ. ನೀನೇ ಹೇಳ್ತಿ ಅಂತ ನಂಬ್ಕೊಂಡಿದ್ದೆ."